ಹಬ್ಬಕ್ಕೆ ಬಾರದ ರೀಲು

ನನ್ನ ಬಾಯಿ ಜೋರು ಎನ್ನುವುದು ರಾಜಾಜಿನಗರದ ಇಂಡಸ್ಟ್ರಿಯಲ್ ಟೌನಿನಲ್ಲಿ ಅರ್ಧ ಜನಕ್ಕೆ ಗೊತ್ತು. ಉಳಿದರ್ಧ ಜನ ನನ್ನ ಜೊತೆ ಕೆಲಸ ಮಾಡಿಲ್ಲ, ಅಷ್ಟೇ ವ್ಯತ್ಯಾಸ. ಹಾಗೆ ಹೇಳುವವರು ಇನ್ನೊಂದು ಮಾತನ್ನೂ ಸೇರಿಸಬೇಕು: ಶಿವಗಂಗಮ್ಮ ಕಾರಣವಿಲ್ಲದೆ ಬಾಯಿ ಬಿಟ್ಟವಳಲ್ಲ. ಎಪ್ಪತ್ತೆಂಟನೆಯ ಇಸವಿಯ ದಸರಾದಲ್ಲಿ ನಡೆದದ್ದನ್ನು ಪೂರ್ತಿ ಕೇಳಿ, ಆಮೇಲೆ ನೀವೇ ತೀರ್ಮಾನ ಮಾಡುವಿರಂತೆ.

ನಾನಾಗ ಒಂದು ಕಂಪ್ಯೂಟರ್ ಕೇಂದ್ರದಲ್ಲಿ, ಕಾರ್ಡಿಗೆ ತೂತು ಹೊಡೆಯುವ ಪಂಚಿಂಗ್ ವಿಭಾಗದಿಂದ ಮೇಲೆ ಬಂದು, ಆಪರೇಟರ್ ಆಗಿದ್ದೆ. ಲೇತು ಮಷೀನುಗಳ ಗಲಾಟೆಯ ಶೆಡ್ಡುಗಳ ಮಧ್ಯೆ ನಮ್ಮದೊಂದೇ ಕಟ್ಟಡ ಕಿಟಕಿ ಮುಚ್ಚಿಕೊಂಡು ತಣ್ಣಗೆ ಕೂತಿತ್ತು. ಕಂಪ್ಯೂಟರಿಗೆ ಸೆಕೆಯಾಗಬಾರದೆಂದು ಏಸಿ ಹಾಕಿ ನಮಗೆಲ್ಲ ಏಪ್ರಿಲ್‌ನಲ್ಲೂ ಸ್ವೆಟರು ಹಾಕಿಸಿದ್ದರು. ನೋಡಲು ಬಂದವರು ಚಪ್ಪಲಿ ಹೊರಗೆ ಬಿಟ್ಟು, ಗಾಜಿನಾಚೆ ನಿಂತು, ಕೆಲವರಂತೂ ಕೈ ಮುಗಿದೇ ಹೋಗುತ್ತಿದ್ದರು. ಬೇರೆ ಬೇರೆ ಕಾರ್ಖಾನೆ, ಸಂಸ್ಥೆಗಳ ಲೆಕ್ಕ ತಂದು ಮಾಡಿಕೊಡುವುದು ನಮ್ಮ ಕೆಲಸ. ಆ ವರ್ಷ ನಮ್ಮ ಕೈಯಲ್ಲಿದ್ದ ದೊಡ್ಡ ಕೆಲಸ ಡಿಪ್ಲೊಮಾ ಪರೀಕ್ಷೆಯ ಫಲಿತಾಂಶ. ರಾಜ್ಯದ ಅಷ್ಟೂ ಹುಡುಗ ಹುಡುಗಿಯರ ಅಂಕಗಳು ನಮ್ಮಲ್ಲಿದ್ದವು.

ಅಂಕಗಳು ಮೊದಲು ತೂತು ಹೊಡೆದ ಕಾರ್ಡುಗಳ ಮೇಲೆ ಬರುತ್ತಿದ್ದವು. ಆಮೇಲೆ ಆ ಕಾರ್ಡುಗಳನ್ನು ಕಂಪ್ಯೂಟರಿಗೆ ತಿನ್ನಿಸಿದರೆ ಅದು ಎಲ್ಲವನ್ನೂ ಒಂದು ಕಂದು ಬಣ್ಣದ ಟೇಪಿಗೆ ಬರೆಯುತ್ತಿತ್ತು. ಆ ಟೇಪು ಸುತ್ತಿದ ರೀಲು ರೊಟ್ಟಿ ಹೆಂಚಿನಷ್ಟು ಅಗಲ. ಕೋಣೆ ತುಂಬುವ ಕಾರ್ಡು ಒಂದು ರೀಲಿನಲ್ಲಿ ಅಡಗುತ್ತದೆ ಎಂದರೆ ಅನುಕೂಲ ಹೌದು, ಭಯವೂ ಹೌದು. ಆ ಒಂದು ರೀಲು ಕೈಕೊಟ್ಟರೆ ಏನು ಮಾಡುವುದು ಎನ್ನುವ ಪ್ರಶ್ನೆ ನಮ್ಮಲ್ಲಿ ಯಾವಾಗಲೂ ಇತ್ತು.

ಅದಕ್ಕೆ ನಮ್ಮ ಆಪರೇಟರ್‌ಗಳ ಮುಖ್ಯಸ್ಥರಾದ ಗುರುಸಿದ್ದಯ್ಯನವರ ಬಳಿ ಉತ್ತರವೂ ಇತ್ತು. ಅವರದು ತಾತ, ಅಪ್ಪ, ಮಗ ಎನ್ನುವ ಪದ್ಧತಿ. ಪ್ರತಿ ವಾರ ಅಂಕಗಳಿಗೆ ತಿದ್ದುಪಡಿ ಬಂದಾಗ ಹಳೇ ರೀಲನ್ನು ಅಳಿಸದೆ, ಹೊಸದೊಂದು ರೀಲು ಬರೆಯುವುದು. ಹೊಸದು ಮಗ, ಅದರ ಹಿಂದಿನದು ಅಪ್ಪ, ಅದಕ್ಕೂ ಹಿಂದಿನದು ತಾತ. ಮಗ ಕೆಟ್ಟರೆ ಅಪ್ಪನಿಂದ ಮತ್ತೆ ಮಗನನ್ನು ಹುಟ್ಟಿಸಬಹುದು. ಅಪ್ಪನೂ ಕೆಟ್ಟರೆ ತಾತ ಇದ್ದಾನೆ. ಒಳ್ಳೆಯ ಪದ್ಧತಿಯೇ, ನಾನು ಇಲ್ಲ ಅನ್ನುವುದಿಲ್ಲ. ಆದರೆ ಮೂರು ತಲೆಮಾರನ್ನೂ ಅವರು ಯಂತ್ರದ ಕೋಣೆಯ ಒಂದೇ ಬೀರುವಿನಲ್ಲಿಟ್ಟು, ಬೀಗದ ಕೈಯನ್ನು ಜನಿವಾರ ಇದ್ದಿದ್ದರೆ ಅದಕ್ಕೂ ಕಟ್ಟಿಕೊಳ್ಳುವವರ ಹಾಗೆ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದರು.

ನಾನು ಹೇಳಿದ್ದು ಇಷ್ಟೇ. ಒಂದು ಮನೆಗೆ ಬೆಂಕಿ ಬಿದ್ದರೆ ತಾತ ಬೇರೆ, ಮಗ ಬೇರೆ ಎಂದು ಅದು ನೋಡುತ್ತದೆಯೇ? ಒಂದು ನಕಲು ಈ ಕಟ್ಟಡದಲ್ಲಿ ಇರಲೇಬಾರದು. ಬೇರೆ ಬಡಾವಣೆಯಲ್ಲಿರಬೇಕು. ಪಂಚಿಂಗ್ ವಿಭಾಗದ ಗಂಗಲಕ್ಷ್ಮಮ್ಮ ಇನ್ನೊಂದು ದಾರಿ ಹೇಳಿದಳು, ಕಾರ್ಡುಗಳನ್ನೇ ಇಟ್ಟುಕೊಂಡರಾಯಿತು, ಅವೇ ನಕಲು ಎಂದು. ಕಾರ್ಡುಗಳು ಮಳೆಗಾಲದಲ್ಲಿ ಹಪ್ಪಳದಂತೆ ಸೊಟ್ಟಗಾಗುತ್ತವೆ, ಗೆದ್ದಲು ಹಿಡಿಯುತ್ತವೆ, ಜಾಗವಂತೂ ಇಲ್ಲವೇ ಇಲ್ಲ. ಆದರೂ ಅವುಗಳನ್ನು ಫಲಿತಾಂಶ ಬರುವವರೆಗೆ ಇಡಿ ಎಂದು ನಾನೂ ಅವಳ ಪರವಾಗಿ ವಾದ ಮಾಡಿದೆ.

ನಮ್ಮ ಮ್ಯಾನೇಜರ್ ಸೇತುರಾಮ ಅವರು ಯಾರಿಗೂ ಇಲ್ಲ ಅನ್ನದ ಮನುಷ್ಯ. ಗುರುಸಿದ್ದಯ್ಯನವರ ಮೂರು ತಲೆಮಾರು ಬೀರುವಿನಲ್ಲಿರಲಿ ಎಂದರು. ನನ್ನ ನಕಲನ್ನು ನನ್ನ ಜವಾಬ್ದಾರಿಯಲ್ಲಿ ಮನೆಗೆ ಒಯ್ಯಲು ಹೇಳಿದರು. ದಸರಾ ಮುಂಚಿನ ಸಾರಿಸಿ ಗುಡಿಸುವ ಗಡಿಬಿಡಿಯಲ್ಲಿ, ಕೊನೆಯ ತಿದ್ದುಪಡಿಯ ಕಾರ್ಡುಗಳಷ್ಟನ್ನು ಉಳಿಸಿ ಮಿಕ್ಕದ್ದನ್ನೆಲ್ಲ ರದ್ದಿಗೆ ಹಾಕಲು ಹೇಳಿದವರೂ ಅವರೇ. ಎರಡು ದಿನ ಬಿಟ್ಟು ನವರಂಗ್ ಟಾಕೀಸಿನ ಮುಂದೆ ಕಡಲೆಕಾಯಿ ಕೊಂಡರೆ ಪೊಟ್ಟಣ ನಮ್ಮ ಕಾರ್ಡಿನದೇ. ತಿಂದ ಕಡಲೆಕಾಯಿ ರುಚಿಸಲಿಲ್ಲ.

ಗುರುಸಿದ್ದಯ್ಯನವರ ಬಗ್ಗೆ ಒಂದು ಮಾತು ಹೇಳಬೇಕು. ಚಿತ್ರದುರ್ಗದ ಕಡೆಯ ಜಂಗಮರ ಮನೆಯವರು, ಹಣೆಯಲ್ಲಿ ವಿಭೂತಿ ಇಲ್ಲದೆ ಅವರನ್ನು ನಾನು ಕಂಡದ್ದಿಲ್ಲ. ಎಲ್ಲರೂ ಅಯ್ಯನೋರು ಅಂತಲೇ ಕರೆಯುವುದು. ಅವರ ಒಬ್ಬಳೇ ಮಗಳು ಜಗದಾಂಬಾ ಅದೇ ಡಿಪ್ಲೊಮಾ ಪರೀಕ್ಷೆ ಕಟ್ಟಿದ್ದಳು, ಎರಡನೆಯ ಸಲ. ಗಣಿತ ಒಂದು ಉಳಿದುಕೊಂಡಿತ್ತು. ಪಾಸಾದರೆ ಒಂದು ಕಾರ್ಖಾನೆಯವರು ಕೆಲಸ ಕೊಡುವುದಾಗಿ ಮಾತು ಕೊಟ್ಟಿದ್ದರು. ಮನೆಗೆ ಬಂದ ನೆಂಟರಿಗೆಲ್ಲ ಅಯ್ಯನವರು ಆ ಕೆಲಸದ ವಿಷಯವನ್ನೇ ಹೇಳುತ್ತಿದ್ದರು. ಅವಳ ಅಂಕ ಅವರ ಸೊಂಟದ ಬೀಗದ ಕೈ ತೆಗೆದರೆ ಸಿಗುವ ರೀಲಿನಲ್ಲೇ ಇತ್ತು. ಯಂತ್ರಕ್ಕೆ ಹಾಕಿ ಒಂದು ಸಾಲು ಮುದ್ರಿಸಿಕೊಂಡರೆ ಯಾರಿಗೂ ತಿಳಿಯುತ್ತಿರಲಿಲ್ಲ. ನಾನೇ ಒಮ್ಮೆ ತಮಾಷೆಗೆ ಕೇಳಿದೆ. ಅವರು ಸಿಡುಕಿದರು. ಊರ ಮಕ್ಕಳ ಅಪ್ಪಂದಿರು ಯಾವಾಗ ನೋಡುತ್ತಾರೋ ತಾನೂ ಆಗಲೇ ನೋಡುವುದು ಎಂದರು. ಆ ಒಂದು ಮಾತಿಗೆ ನಾನು ಅವರ ನೂರು ತಪ್ಪು ಮನ್ನಿಸುತ್ತೇನೆ.

ಆಯುಧಪೂಜೆ ಬಂತು. ಇಂಡಸ್ಟ್ರಿಯಲ್ ಟೌನಿನಲ್ಲಿ ಅದಕ್ಕಿಂತ ದೊಡ್ಡ ಹಬ್ಬ ಇನ್ನೊಂದಿಲ್ಲ. ಸ್ಪಾನರಿಗೂ ಹೂವು, ಸೈಕಲ್ಲಿಗೂ ಬಾಳೆಕಂದು. ನಮ್ಮಲ್ಲಿ ಪೂಜೆ ಮಾಡುವವರು ಗುರುಸಿದ್ದಯ್ಯನವರೇ. ಹಿಂದಿನ ದಿನ ಕೊನೆಯ ತಿದ್ದುಪಡಿ ಮುಗಿದು, ಹೊಸ ಮಗ ಹುಟ್ಟಿ, ಅದರ ನಕಲನ್ನು ನಾನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದಾಗ ಅವರು ಬಂದು ನಿಂತರು. ನಾಳೆ ಅದನ್ನೂ ತನ್ನಿ ಎಂದರು. ರೀಲುಗಳನ್ನೆಲ್ಲ ಯಂತ್ರದ ಮುಂದೆ ಇಟ್ಟು ಪೂಜೆ ಮಾಡುವುದಂತೆ.

ನಾನು ತರುವುದಿಲ್ಲ ಎಂದೆ. ಹೊರಗಿರಬೇಕಾದ್ದು ಹಬ್ಬದ ದಿನವೂ ಹೊರಗೇ ಇರಬೇಕು.

"ಮನೆ ಮಗೂನ ಹಬ್ಬಕ್ಕೆ ಕರೀದೆ ಬಿಟ್ಟ ಹಾಗಾಗುತ್ತೆ ಶಿವಗಂಗಮ್ಮ. ನಾಳೆ ಅದಕ್ಕೇನಾದ್ರೂ ಆದ್ರೆ?"

"ಆ ಮಗು ಅಜ್ಜಿ ಮನೇಲಿ ಹಬ್ಬ ಮಾಡುತ್ತೆ ಬಿಡಿ ಅಯ್ಯನೋರೇ" ಎಂದು ಚೀಲ ಎತ್ತಿಕೊಂಡೆ.

ಅವರು ಮುಖ ಊದಿಸಿಕೊಂಡರು. ಅಷ್ಟು ಹೊತ್ತಿಗೆ ಇಡೀ ಆಫೀಸಿಗೆ ಸುದ್ದಿ ಮುಟ್ಟಿತ್ತು, ಶಿವಗಂಗಮ್ಮನಿಗೆ ದೇವರು ದಿಂಡರು ಬೇಡವಂತೆ ಎಂದು. ನನ್ನ ಅತ್ತೆ ಹನುಮಕ್ಕನ ಕಿವಿಗೆ ಇದು ಬಿದ್ದಿದ್ದರೆ ಅವರಿಗೆಲ್ಲ ಗ್ರಹಚಾರ ಬಿಡಿಸುತ್ತಿದ್ದಳು. ವಿಜಯನಗರದ ನಮ್ಮ ಮನೆಯಲ್ಲಿ ಆ ರೀಲನ್ನು ಕಾಯುತ್ತಿದ್ದವಳೇ ಅವಳು. ಮೊದಲ ದಿನ ಗುಂಡನೆಯ ಪ್ಲಾಸ್ಟಿಕ್ ಡಬ್ಬಿ ನೋಡಿ ಕೋಡುಬಳೆ ಎಂದುಕೊಂಡಿದ್ದಳು. ಇದರೊಳಗೆ ಸಾವಿರಾರು ಮಕ್ಕಳ ಪರೀಕ್ಷೆ ಇದೆ ಅತ್ತೆ ಎಂದು ನಾನು ಹೇಳಿದ ಮೇಲೆ, ಬಟ್ಟೆ ಬೀರುವಿನಲ್ಲಿ ತನ್ನ ಮದುವೆ ಸೀರೆ ಪಕ್ಕಕ್ಕೆ ಸರಿಸಿ ಜಾಗ ಮಾಡಿಕೊಟ್ಟಳು. ನನ್ನ ಗಂಡನಿಗೂ ಆ ಬೀರು ತೆಗೆಯಲು ಅಪ್ಪಣೆ ಇರಲಿಲ್ಲ.

ಪೂಜೆ ಬಹಳ ಚೆನ್ನಾಗಿಯೇ ಆಯಿತು. ಕಂಪ್ಯೂಟರಿಗೆ ಸೇವಂತಿಗೆ ಹಾರ, ಟೇಪಿನ ಎರಡು ಯಂತ್ರಗಳಿಗೂ ಬಾಳೆಕಂದು, ಬಾಗಿಲಲ್ಲಿ ಬೂದುಗುಂಬಳ. ಗುರುಸಿದ್ದಯ್ಯನವರು ವಿಭೂತಿಯನ್ನು ನೀರಿನಲ್ಲಿ ಕಲಸಿ, ಮೂರು ಬೆರಳಿನಲ್ಲಿ ಎಲ್ಲದಕ್ಕೂ ಎಳೆದರು. ಮೊದಲನೆಯ ಟೇಪು ಯಂತ್ರದ ಗಾಜಿನ ಬಾಗಿಲು ತೆಗೆದು, ಒಳಗೆ ಹೊಳೆಯುವ ಒಂದು ಸಣ್ಣ ಲೋಹದ ತುಂಡಿಗೂ ಭಕ್ತಿಯಿಂದ ಒಂದು ಬೊಟ್ಟು ಇಟ್ಟರು. ಟೇಪು ಉಜ್ಜಿಕೊಂಡು ಹೋಗುವುದು ಅದರ ಮೇಲೆಯೇ, ಓದುವುದೂ ಅದೇ. ಯಂತ್ರದ ಕಣ್ಣು ಅದು, ಅದಕ್ಕೆ ಇಡದೆ ಇನ್ನೆಲ್ಲಿಗೆ ಇಡುವುದು ಎನ್ನುವುದು ಅವರ ಭಾವನೆ. ನಾನು ಆ ಹೊತ್ತಿನಲ್ಲಿ ಹೊರಗೆ ಪುರಿ ಹಂಚುತ್ತಿದ್ದೆ, ನೋಡಿದ್ದರೆ ಅಲ್ಲೇ ಜಗಳ ತೆಗೆಯುತ್ತಿದ್ದೆ. ಪೂಜೆಯ ದಿನ ಹಚ್ಚಿದ್ದನ್ನು ಅಂದೇ ಒರೆಸುವ ಹಾಗಿಲ್ಲ. ಮಾರನೆಯ ದಿನ ವಿಜಯದಶಮಿ, ರಜೆ. ಆ ಬೊಟ್ಟು ಏಸಿಯ ಒಣ ಗಾಳಿಯಲ್ಲಿ ಸುಣ್ಣದ ಹಕ್ಕಳೆಯ ಹಾಗೆ ಗಟ್ಟಿಯಾಯಿತು.

ರಜೆ ಕಳೆದ ಮೇಲೆ ಬಂದ ದಿನವೇ ಫಲಿತಾಂಶ ಮುದ್ರಿಸುವ ದಿನ. ಸಂಜೆ ಪರೀಕ್ಷಾ ಮಂಡಳಿಯವರು ಬಂದು ಒಯ್ಯಬೇಕು, ಮಾರನೆಯ ದಿನ ಪತ್ರಿಕೆಗಳಲ್ಲಿ ಬರಬೇಕು. ಗುರುಸಿದ್ದಯ್ಯನವರು ಬೇಗ ಬಂದು, ಕಣ್ಣಿಗೆ ಕಾಣುವಲ್ಲೆಲ್ಲ ಬಟ್ಟೆಯಲ್ಲಿ ಒರೆಸಿ, ಬೀರುವಿನಿಂದ ಮಗನನ್ನು ತೆಗೆದು ಮೊದಲನೆಯ ಯಂತ್ರಕ್ಕೆ ಹಾಕಿದರು. ರೀಲು ತಿರುಗಿತು, ಕಿರ್ರೆಂದಿತು, ನಿಂತಿತು. ಓದಲಾಗುತ್ತಿಲ್ಲ ಎಂದು ಕೆಂಪು ದೀಪ ಬಂತು. ಸರಿ, ಮಗ ಕೆಟ್ಟಿದ್ದಾನೆ ಎಂದುಕೊಂಡರು. ಅದನ್ನು ಇಳಿಸಿ, ಅದೇ ಯಂತ್ರಕ್ಕೆ ಅಪ್ಪನನ್ನು ಹಾಕಿದರು. ಮತ್ತೆ ಕೆಂಪು ದೀಪ. ಆಗಲೂ ಅವರಿಗೆ ಯಂತ್ರದ ಮೇಲೆ ಅನುಮಾನ ಬರಲಿಲ್ಲ. ಎರಡು ದಿನದ ಹಿಂದೆ ಕೈಯಾರೆ ಪೂಜೆ ಮಾಡಿದ ಯಂತ್ರದ ಮೇಲೆ ಯಾರಿಗೆ ತಾನೇ ಅನುಮಾನ ಬರುತ್ತದೆ? ತಾತನನ್ನೂ ತೆಗೆದು ಹಾಕಿದರು.

ಪಂಚಿಂಗ್ ವಿಭಾಗದಲ್ಲಿ ಗಂಗಲಕ್ಷ್ಮಮ್ಮನ ಜೊತೆ ಕೂತಿದ್ದ ನನಗೆ ಆ ಕಿರ್ರೆನ್ನುವ ಸದ್ದು ಮೂರನೆಯ ಸಲ ಕೇಳಿಸಿತು. ಓಡಿ ಬಂದು ಯಂತ್ರ ನಿಲ್ಲಿಸಿದೆ. ಅಷ್ಟರಲ್ಲಿ ತಾತನ ಕತೆಯೂ ಮುಗಿದಿತ್ತು. ಟೇಪನ್ನು ದೀಪಕ್ಕೆ ಹಿಡಿದೆ. ಕಂದು ಬಣ್ಣದ ಮೈ ಮೇಲೆ ಉದ್ದಕ್ಕೂ ಗೀರು, ಗೀರಿನ ಪಕ್ಕದಲ್ಲಿ ಬಿಳಿ ಪುಡಿ. ಬಾಗಿಲು ತೆಗೆದು ಒಳಗೆ ಬೆರಳಾಡಿಸಿದರೆ ಒಣಗಿದ ವಿಭೂತಿ ಸಣ್ಣ ಮರಳಿನಂತೆ ಅಂಟಿತು. ಬೆರಳನ್ನು ಗುರುಸಿದ್ದಯ್ಯನವರ ಮುಂದೆ ಹಿಡಿದೆ. ಬೈಯಬೇಕೆಂದೇ ಬಾಯಿ ತೆರೆದಿದ್ದೆ. ಅವರ ಮುಖ ನೋಡಿ ಬೆರಳನ್ನು ಸೆರಗಿಗೆ ಒರೆಸಿಕೊಂಡೆ.

ಅವರು ಅಲ್ಲೇ ಕುರ್ಚಿಯಲ್ಲಿ ಕುಸಿದರು. ಕಾರ್ಡುಗಳು ಕಡಲೆಕಾಯಿ ಪೊಟ್ಟಣವಾಗಿದ್ದವು. ಮೂರು ತಲೆಮಾರು ಒಂದೇ ಬೆಳಿಗ್ಗೆ ಹೋಗಿತ್ತು. ಮಂಡಳಿಯಿಂದ ಅಂಕಪಟ್ಟಿಗಳನ್ನು ತರಿಸಿ ಮತ್ತೆ ಎಲ್ಲ ಕಾರ್ಡು ಹೊಡೆಯುವುದೆಂದರೆ ತಿಂಗಳುಗಟ್ಟಲೆ ಕೆಲಸ. ಅಷ್ಟರಲ್ಲಿ ಊರೆಲ್ಲ ನಮ್ಮನ್ನು ಉಗಿದು ಉಪ್ಪಿನಕಾಯಿ ಹಾಕುತ್ತಿತ್ತು, ಜಗದಾಂಬಾಗೆ ಮಾತು ಕೊಟ್ಟ ಕಾರ್ಖಾನೆಯವರು ಬೇರೆಯವರನ್ನು ನೋಡಿಕೊಳ್ಳುತ್ತಿದ್ದರು. ಗುರುಸಿದ್ದಯ್ಯನವರು ನನ್ನ ಕಡೆ ನೋಡಿದರು. ನಿಮ್ಮ ಮನೆಯದು ಇದೆಯಲ್ಲ ಎಂದು ಅವರು ಕೇಳಲೂ ಇಲ್ಲ, ನಾನು ಹೇಳಲೂ ಇಲ್ಲ. ಸೇತುರಾಮ ಅವರೇ ತಮ್ಮ ಫಿಯೆಟ್ ಕಾರಿನಲ್ಲಿ ನನ್ನನ್ನು ಕೂರಿಸಿಕೊಂಡು ವಿಜಯನಗರಕ್ಕೆ ಹೊರಟರು.

ಹನುಮಕ್ಕ ಬೀರುವಿನಿಂದ ಡಬ್ಬಿ ತೆಗೆದು, ಸೆರಗಿನಲ್ಲಿ ಒರೆಸಿ, ನನ್ನ ಕೈಗೇ ಕೊಟ್ಟಳು. ಸಾಹೇಬರು ಕೈ ಚಾಚಿದರೂ ಕೊಡಲಿಲ್ಲ. ವಾಪಸು ಬರುವಾಗ ದಾರಿಯುದ್ದಕ್ಕೂ ಅವರು ಒಂದೇ ಸಮನೆ ಮಾತಾಡಿದರು, ಎಲ್ಲರಿಗಿಂತ ನೀವೇ ಮುಂದಾಲೋಚನೆಯವರಮ್ಮ ಎಂದು ಹೊಗಳಿದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ನನ್ನ ತಲೆಯಲ್ಲಿ ಒಂದೇ ವಿಷಯ ಓಡುತ್ತಿತ್ತು. ನಿನ್ನೆಯವರೆಗೆ ಇದು ನಾಲ್ಕನೆಯ ಪ್ರತಿ. ಇವತ್ತು ಇದೊಂದೇ ಪ್ರತಿ. ನಾಲ್ಕರಲ್ಲೊಂದನ್ನು ಹಿಡಿದ ಹಾಗೆ ಇರುವ ಒಂದನ್ನೇ ಹಿಡಿಯುವಂತಿಲ್ಲ.

ಹೋದ ಕೂಡಲೇ ಸೇತುರಾಮ ಅವರು ಎರಡನೆಯ ಯಂತ್ರಕ್ಕೆ ಹಾಕಿ, ಬೇಗ ಮುದ್ರಿಸಿ ಎಂದರು. ಮಂಡಳಿಯ ಮನುಷ್ಯ ಆಗಲೇ ಬಂದು ಮುಂದಿನ ಕೋಣೆಯಲ್ಲಿ ಕಾಫಿ ಕುಡಿಯುತ್ತಿದ್ದ. ನಾನು ರೀಲನ್ನು ಮಡಿಲಲ್ಲಿಟ್ಟುಕೊಂಡು ಸ್ಟೂಲಿನ ಮೇಲೆ ಕೂತೆ. ಆ ಯಂತ್ರಕ್ಕೂ ಪೂಜೆಯಾಗಿದೆ, ಮೊದಲು ಎರಡನ್ನೂ ಸ್ಪಿರಿಟ್ಟಿನಲ್ಲಿ ತೊಳೆಯಿರಿ ಎಂದೆ. ತೊಳೆದ ಮೇಲೆ ಯಾವುದಾದರೂ ಕೆಲಸಕ್ಕೆ ಬಾರದ ಟೇಪನ್ನು ಮೊದಲಿಂದ ಕೊನೆಯವರೆಗೆ ಓಡಿಸಿ, ಗೀರು ಬಿದ್ದಿಲ್ಲ ಎಂದು ನಾನು ಕಣ್ಣಾರೆ ನೋಡಬೇಕು. ಆಮೇಲೆ ಇದರಿಂದ ಒಂದು ನಕಲು. ನಕಲು ಸರಿಯಾಗಿದೆ ಎಂದು ಲೆಕ್ಕ ತಾಳೆಯಾಗಬೇಕು. ಮುದ್ರಣ ಆ ನಕಲಿನಿಂದ. ಇದು ಡಬ್ಬಿಗೆ ವಾಪಸು.

ಅಷ್ಟೆಲ್ಲ ಮಾಡಿದರೆ ಸಂಜೆ ದಾಟುತ್ತದೆ ಎಂದು ಸೇತುರಾಮ ಅವರು ಕೂಗಾಡಿದರು. ಯಾರಿಗೂ ಇಲ್ಲ ಅನ್ನದ ಮನುಷ್ಯನಿಗೆ ಸಿಟ್ಟು ಬಂದರೆ ನೋಡುವುದೇ ಕಷ್ಟ. ಮಂಡಳಿಯವರು ಎದ್ದು ಹೋದರೆ ಮುಂದಿನ ವರ್ಷದ ಕೆಲಸವೂ ಹೋಯಿತು ಎಂದರು, ನಾಳೆಯಿಂದ ನೀವು ವಾಪಸು ಪಂಚಿಂಗಿಗೆ ಎಂದರು.

"ಕಳ್ಸಿ ಸಾರ್, ಹೋಗ್ತೀನಿ. ಆದ್ರೆ ತೊಳೀದೆ ಇರೋ ಮಷೀನಿಗೆ ಇದನ್ನ ಹಾಕಲ್ಲ. ತಡ ಆದ್ರೆ ನಾಳೆ ಕ್ಷಮೆ ಕೇಳ್ಬೋದು. ಇದೂ ಹೋದ್ರೆ ಯಾರತ್ರ ಕೇಳ್ತೀರಾ?"

ಸುಳ್ಳು ಹೇಳುವುದಿಲ್ಲ, ಪಂಚಿಂಗಿಗೆ ವಾಪಸು ಹೋಗಲು ನನಗೆ ಎಳ್ಳಷ್ಟೂ ಇಷ್ಟವಿರಲಿಲ್ಲ. ಆದರೂ ನನ್ನ ಮಾತು ಸರಿ ಎನ್ನುವುದರಲ್ಲಿ ಮಾತ್ರ ಅನುಮಾನ ಇರಲಿಲ್ಲ.

ಆಗ ಗುರುಸಿದ್ದಯ್ಯನವರು ಎದ್ದರು. ಆ ಕೋಣೆಯಲ್ಲಿ ಎಲ್ಲರಿಗಿಂತ ಅವಸರ ಇದ್ದವರು ಅವರು. ಬೆಳಗಿನಿಂದ ತೊಟ್ಟು ನೀರು ಕುಡಿದಿರಲಿಲ್ಲ. "ಅವ್ರು ಹೇಳಿದ ಹಾಗೇ ಮಾಡೋಣ ಸಾರ್. ಮೂರು ನಾನು ಕಳೆದೆ. ಇದನ್ನ ಅವ್ರು ಹೇಳಿದ ಹಾಗೆ ಮಾಡೋಣ" ಎಂದರು.

ಸ್ಪಿರಿಟ್ ಬಾಟಲಿ, ಹತ್ತಿ ತಂದು ಅವರೇ ಕೂತರು. ಬೇರೆಯವರು ಮಾಡುತ್ತೇವೆ ಎಂದರೂ ಬಿಡಲಿಲ್ಲ. ತಾವೇ ಇಟ್ಟ ವಿಭೂತಿಯನ್ನು ತಾವೇ ಒರೆಸಿದರು. ಹತ್ತಿಯನ್ನು ಕಸದ ಬುಟ್ಟಿಗೆ ಹಾಕದೆ ಒಂದು ಕಾಗದದಲ್ಲಿ ಮಡಿಚಿ ಜೇಬಿನಲ್ಲಿಟ್ಟುಕೊಂಡರು, ಹೂವಿನ ಗಿಡದ ಬುಡಕ್ಕೆ ಹಾಕುತ್ತೇನೆ ಎಂದರು. ಹಳೇ ಟೇಪನ್ನು ಎರಡೂ ಯಂತ್ರಗಳಲ್ಲಿ ಪೂರ್ತಿ ಓಡಿಸಿ, ತಾವೇ ತಂದು ದೀಪದ ಕೆಳಗೆ ಹಿಡಿದು ತೋರಿಸಿದರು. ಗೀರಿರಲಿಲ್ಲ. ನಾನು ಅಲ್ಲಿಯವರೆಗೆ ಮಡಿಲಿಂದ ರೀಲು ಇಳಿಸಿರಲಿಲ್ಲ. ಆಮೇಲೆ ಅದರ ಹಿಂದಿನ ಪ್ಲಾಸ್ಟಿಕ್ ಬಳೆ ತೆಗೆದೆ. ಆ ಬಳೆ ಇಲ್ಲದಿದ್ದರೆ ಯಂತ್ರ ಓದಬಹುದು, ಮೇಲೆ ಬರೆಯಲಾಗದು. ರೀಲನ್ನು ನಾನೇ ಏರಿಸಿದೆ.

ಅದು ಓದಿತು. ಒಂದು ಸಲವೂ ನಿಲ್ಲದೆ ಓದಿತು. ಪಕ್ಕದ ಯಂತ್ರ ಬರೆಯುತ್ತಾ ಹೋಯಿತು. ಎಲ್ಲರ ಎಲ್ಲ ಅಂಕಗಳನ್ನೂ ಕೂಡಿದರೆ ಬರುವ ಒಂದು ದೊಡ್ಡ ಮೊತ್ತವನ್ನು ಕೊನೆಯ ತಿದ್ದುಪಡಿ ಮುಗಿದ ದಿನವೇ ತೆಗೆದಿಟ್ಟಿದ್ದೆವು. ಒಬ್ಬನೇ ಒಬ್ಬ ಹುಡುಗನ ಒಂದೇ ಒಂದು ಅಂಕ ಆಚೀಚೆ ಆದರೂ ಆ ಮೊತ್ತ ಕೂಡುವುದಿಲ್ಲ. ನಕಲಿನ ಮೊತ್ತ ಬಂತು. ಎರಡನ್ನೂ ಪಕ್ಕಪಕ್ಕ ಇಟ್ಟು ಗಟ್ಟಿಯಾಗಿ ಓದಿದೆ. ಕೂಡಿತು. ಸೇತುರಾಮ ಅವರು ಕರವಸ್ತ್ರದಲ್ಲಿ ಮುಖ ಒರೆಸಿಕೊಂಡು ಮಂಡಳಿಯವನಿಗೆ ಇನ್ನೊಂದು ಕಾಫಿ ಹೇಳಲು ಹೋದರು. ಆ ಹೊತ್ತಿನಲ್ಲಿ ನನಗಾದ ಹೆಮ್ಮೆಯನ್ನು ನಾನು ಯಾಕೆ ಮುಚ್ಚಿಡಲಿ? ಕಂಪ್ಯೂಟರು ನನ್ನಪ್ಪನ ಮನೆಯದೇ ಎನ್ನುವ ಹಾಗೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದೆ.

ಮುದ್ರಣ ಶುರುವಾಯಿತು. ಕಾಗದ ಮಡಿಕೆ ಮಡಿಕೆಯಾಗಿ ಇಳಿಯುತ್ತಿತ್ತು. ಈಗ ನೋಡಿದರೆ ತಪ್ಪಿಲ್ಲ ಎಂದು ಸೇತುರಾಮ ಅವರೇ ಗುರುಸಿದ್ದಯ್ಯನವರ ಬೆನ್ನು ತಟ್ಟಿ ಹೇಳಿದರು. ಅವರು ಕನ್ನಡಕ ಏರಿಸಿ ಹಾಳೆಗಳನ್ನು ತಿರುವಿದರು. ಒಂದು ಕಡೆ ನಿಂತರು. ಬೆರಳಿಟ್ಟು ಓದಿದರು, ಇನ್ನೊಮ್ಮೆ ಓದಿದರು. ಆಮೇಲೆ ಹಾಳೆಯನ್ನು ಮೊದಲಿದ್ದ ಹಾಗೇ ಮಡಿಚಿಟ್ಟು, ನಾನು ರೀಲನ್ನು ಡಬ್ಬಿಗೆ ಹಾಕುತ್ತಿದ್ದಲ್ಲಿಗೆ ಬಂದರು.

"ಶಿವಗಂಗಮ್ಮ, ಆ ಧೂಳು… ನಿಮ್ಮ ರೀಲಿಗೂ ಸ್ವಲ್ಪ ತಗುಲಿರಬೋದಾ? ಒಂದು ಅಂಕಿ ಎಲ್ಲಾದ್ರೂ ಅಳಿಸಿ ಹೋಗಿರಬೋದಾ?"

ಅವರ ದನಿ ಕೇಳಿದ ಕೂಡಲೇ ನನಗೆ ಅರ್ಥವಾಯಿತು. ನಾನು ಹಾಳೆ ನೋಡಲು ಹೋಗಲಿಲ್ಲ. ನನ್ನ ಜೋರು ಬಾಯಿ ಆ ಒಂದು ಗಳಿಗೆ ಬೇರೆ ಯಾರದ್ದಾದರೂ ಆಗಿರಬಾರದಿತ್ತೇ ಎನ್ನಿಸಿತು. ಇರಬಹುದು ನೋಡೋಣ ಎಂದರೆ ಆ ಮನುಷ್ಯ ಒಂದು ರಾತ್ರಿಯಾದರೂ ನಿದ್ದೆ ಮಾಡುತ್ತಿದ್ದರು. ಆದರೆ ಆ ರೀಲಿನ ಮೇಲೆ ಕೈಯಿಟ್ಟುಕೊಂಡು ನಾನು ಹಾಗೆ ಹೇಳಲಾರದೆ ಹೋದೆ.

"ಇಲ್ಲ ಅಯ್ಯನೋರೇ. ಮೊತ್ತ ಕೂಡಿದೆ, ನಿಮ್ಮ ಮುಂದೇನೇ ಓದಿದ್ನಲ್ಲ. ಒಂದು ಅಂಕಿಯೂ ಹೋಗಿಲ್ಲ."

ಅವರು ತಲೆಯಾಡಿಸಿದರು. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು, ಮತ್ತೆ ಹಾಕಿಕೊಂಡರು, ಮತ್ತೆ ತೆಗೆದರು. ಜಗದಾಂಬಾಗೆ ಗಣಿತದಲ್ಲಿ ಪಾಸಾಗಲು ನಾಲ್ಕು ಅಂಕ ಕಡಿಮೆಯಂತೆ.

"ಏಪ್ರಿಲ್‌ನಲ್ಲಿ ಮತ್ತೆ ಕೂರ್ತಾಳೆ ಬಿಡಿ" ಎಂದರು. ಡಬ್ಬಿಯ ಮುಚ್ಚಳ ಸರಿಯಾಗಿ ಕೂತಿದೆಯೇ ಎಂದು ತಾವೇ ಒತ್ತಿ ನೋಡಿ, ಎರಡೂ ಕೈಯಲ್ಲಿ ಎತ್ತಿ ನನಗೆ ಕೊಟ್ಟರು. "ಆಗಲೂ ಒಂದು ಪ್ರತಿ ನಿಮ್ಮನೇಲೇ ಇರ್ಲಿ ಶಿವಗಂಗಮ್ಮ."

ಆಯಿತು ಅಯ್ಯನೋರೇ ಎಂದು ನಾನು ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡೆ.